ಬಾಟಲಿ ಸುರಿದರೆ ಹಳೇ ಪಿಕಪ್‌ನ ಎಂಜಿನ್ ಹೊಸದಾಗುತ್ತಾ?

ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೋ ಆಗಾಗ ಸುತ್ತಿ ಬರುತ್ತದೆ. ಹಳೆಯದೊಂದು ಗಾಡಿ ನೀಲಿ ಹೊಗೆ ಉಗುಳುತ್ತಾ ನಿಂತಿರುತ್ತದೆ. ಒಬ್ಬರು ಆಯಿಲ್ ಹಾಕುವ ಬಾಯಿಗೆ ಪುಟ್ಟ ಬಾಟಲಿಯೊಂದನ್ನು ಸುರಿಯುತ್ತಾರೆ. ಮುಂದಿನ ದೃಶ್ಯದಲ್ಲಿ ಹೊಗೆ ಮಾಯ! ಕೆಳಗೆ ಒಕ್ಕಣೆ: 'ರೀಬೋರ್ ಖರ್ಚು ಉಳಿಸಿ, ಎಂಜಿನ್ ಇಳಿಸುವ ಅಗತ್ಯವೇ ಇಲ್ಲ, ಎಲ್ಲರಿಗೂ ಶೇರ್ ಮಾಡಿ.'

ಮೂಡಿಗೆರೆ ಕಡೆಯ ಓದುಗರೊಬ್ಬರು ಇಂಥದ್ದೇ ವಿಡಿಯೋ ಕಳಿಸಿ ನಮ್ಮನ್ನು ಕೇಳಿದ್ದರು. ಅವರ ಮನೆಯಲ್ಲಿ ಅಜ್ಜನ ಕಾಲದ ಪೆಟ್ರೋಲ್ ಜೀಪ್ ಪಿಕಪ್ ಇದೆ. ಈಗ ಅದು ಆಯಿಲ್ ಕುಡಿಯುತ್ತಿದೆ, ಏರು ಹತ್ತುವುದಿಲ್ಲ. ಮೆಕ್ಯಾನಿಕ್ 'ಎಂಜಿನ್ ಕೆಲಸ ಮಾಡಿಸಲೇಬೇಕು' ಅಂತಾರೆ, ಮನೆಯ ಹಿರಿಯರು 'ಗುಜರಿಗೆ ಹಾಕಿ' ಅಂತಾರೆ, ಅಣ್ಣ ವಿಡಿಯೋ ತೋರಿಸುತ್ತಾನೆ. ಮೂವರಲ್ಲಿ ಯಾರ ಮಾತು ಕೇಳಬೇಕು?

ಚುಟುಕು ಉತ್ತರ: ಸವೆದುಹೋದ ಲೋಹವನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ. ಆದರೆ ಹೊಗೆ ಬಂದ ಎಂಜಿನ್‌ಗಳಿಗೆಲ್ಲ ರೀಬೋರ್ ಬೇಕೆಂದೂ ಇಲ್ಲ. ಅಳೆದು ನೋಡದೆ ಎರಡನ್ನೂ ಹೇಳಲಾಗುವುದಿಲ್ಲ. ಇನ್ನು ಸ್ವಲ್ಪ ವಿವರವಾಗಿ ನೋಡೋಣ. (ನಾವು ಮೆಕ್ಯಾನಿಕ್‌ಗಳಲ್ಲ. ನಿಮ್ಮ ಮೆಕ್ಯಾನಿಕ್ ಹೇಳುವುದು ನಿಮಗೆ ಅರ್ಥವಾಗಲಿ ಎಂಬಷ್ಟೇ ನಮ್ಮ ಉದ್ದೇಶ.)

ಮೊದಲು ಬಾನೆಟ್ ಎತ್ತಿ: ಯಾವ ಎಂಜಿನ್ ಅದು?

ಅಮೆರಿಕದ ಓಹಿಯೋ ರಾಜ್ಯದ ಟೊಲೆಡೊ ನಗರದಲ್ಲಿದ್ದ ವಿಲ್ಲೀಸ್ ಕಂಪನಿ 1947ರಿಂದ 1965ರವರೆಗೆ ಜೀಪ್ ಪಿಕಪ್‌ಗಳನ್ನು ತಯಾರಿಸಿತು. 1950ರಿಂದ ಅವುಗಳಲ್ಲಿ 'ಹರಿಕೇನ್' ಎಂಬ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಂತು. ಇತ್ತ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪ್‌ಗಳನ್ನು ಭಾರತದಲ್ಲಿ ಜೋಡಿಸಲು ಶುರುಮಾಡಿ, ಮುಂದೆ ಇಲ್ಲೇ ತಯಾರಿಸತೊಡಗಿತು. ಹಾಗಾಗಿ ಟೊಲೆಡೊದ ಅದೇ ಎಂಜಿನ್ ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ರಸ್ತೆಗಳಿಗೂ ಬಂತು.

ಒಂದು ಎಚ್ಚರಿಕೆ: ಇಂಥ ಎಷ್ಟೋ ಗಾಡಿಗಳಿಗೆ ನಂತರದ ವರ್ಷಗಳಲ್ಲಿ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಬಾನೆಟ್ ಕೆಳಗೆ ಏನಿದೆ ಎಂದು ಖಚಿತವಾಗದೆ ಪಿಸ್ಟನ್ ಹುಡುಕಲು ಹೊರಡಬೇಡಿ. ಈ ಲೇಖನದಲ್ಲಿ ನಾವು ಹರಿಕೇನ್ ಎಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅದರ ಅಳತೆ 2199 ಸಿಸಿ, ಪ್ರತಿ ಸಿಲಿಂಡರಿನ ಒಳ ಅಗಲ 3.125 ಇಂಚು, ಅಂದರೆ ಸುಮಾರು 79.4 ಮಿ.ಮೀ.

ಈ ಎಂಜಿನ್ನಿನಲ್ಲಿ ಒಂದು ವಿಚಿತ್ರವಿದೆ. ಗಾಳಿ-ಪೆಟ್ರೋಲ್ ಒಳಗೆ ಬಿಡುವ ವಾಲ್ವ್‌ಗಳು ಮೇಲಿನ ಹೆಡ್‌ನಲ್ಲಿವೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಕೆಳಗೆ ಬ್ಲಾಕ್‌ನಲ್ಲಿವೆ. 'ಹೆಡ್ ಒಂದನ್ನೇ ಬಿಚ್ಚಿ ವಾಲ್ವ್ ಕೆಲಸ ಮಾಡಿಸಿಬಿಡಿ' ಎಂಬ ಸಲಹೆ ಬೇರೆ ಎಷ್ಟೋ ಗಾಡಿಗಳಿಗೆ ಸರಿ, ಇದಕ್ಕೆ ಅರ್ಧ ಮಾತ್ರ ಸರಿ. ಹೆಚ್ಚು ಬಿಸಿ ತಿನ್ನುವ, ಮೊದಲು ಸುಟ್ಟುಹೋಗುವ ಎಕ್ಸಾಸ್ಟ್ ವಾಲ್ವ್‌ಗಳು ಬ್ಲಾಕ್‌ನಲ್ಲೇ ಉಳಿದುಬಿಡುತ್ತವೆ. ಜೊತೆಗೆ, ಹೆಡ್‌ನ ಒಂದು ಬೋಲ್ಟ್ ಕಾರ್ಬೊರೇಟರಿನ ಅಡಿಯಲ್ಲಿ, ಗಾಳಿ ಹೋಗುವ ದಾರಿಯೊಳಗೆ ಅಡಗಿದೆ. ಗೊತ್ತಿಲ್ಲದವರು ಕಾಣುವ ಬೋಲ್ಟ್‌ಗಳನ್ನೆಲ್ಲ ಬಿಚ್ಚಿ, 'ಹೆಡ್ ಅಂಟಿಕೊಂಡಿದೆ' ಎಂದು ಸರಳು ಹಾಕಿ ಮೀಟುತ್ತಾರೆ, ಹೆಡ್ ಹಾಳಾಗುತ್ತದೆ. ನಿಮ್ಮ ಮೆಕ್ಯಾನಿಕ್‌ಗೆ ಈ ಬೋಲ್ಟ್ ಗೊತ್ತಿದೆಯಾ ಅಂತ ಕೇಳಿ ನೋಡಿ. ಈ ಎಂಜಿನ್ ಅವರ ಕೈಯಲ್ಲಿ ಎಂದಾದರೂ ಹಾದುಹೋಗಿದೆಯೋ ಇಲ್ಲವೋ ಉತ್ತರದಲ್ಲೇ ತಿಳಿಯುತ್ತದೆ.

ಹೊಗೆಯ ಬಣ್ಣ ಏನು ಹೇಳುತ್ತದೆ?

'ಹೊಗೆ ಬಂತು ಅಂದರೆ ಎಂಜಿನ್ ಮುಗೀತು' ಅನ್ನುವುದು ತಪ್ಪು. ನೀಲಿ ಹೊಗೆ ಆಯಿಲ್ ಉರಿಯುತ್ತಿದೆ ಎನ್ನುತ್ತದೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಯಿತು ಅಥವಾ ಗಾಳಿ ಸಾಲಲಿಲ್ಲ ಎನ್ನುತ್ತದೆ. ಇದಕ್ಕೆ ಕಾರ್ಬೊರೇಟರ್ ಸರಿಮಾಡಿಸಿ, ಏರ್ ಫಿಲ್ಟರ್ ತೊಳೆದರೆ ಸಾಕಾಗಬಹುದು, ಎಂಜಿನ್ ಇಳಿಸಬೇಕಿಲ್ಲ.

ಬಿಳಿ ಹೊಗೆ ಕಂಡರೆ ಜನ ಹೆಚ್ಚು ಹೆದರುತ್ತಾರೆ. ಮಲೆನಾಡಿನ ಚಳಿಯ ಬೆಳಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಹೊಗೆ ಬಹುಪಾಲು ನೀರಿನ ಆವಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಗುವ ನೀರು ಅದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಅಥವಾ ಬ್ಲಾಕ್ ಬಿರುಕಿನ ಅನುಮಾನ ಪಡಬೇಕು.

ನೀಲಿ ಹೊಗೆಯಲ್ಲೂ ಎರಡು ಬಗೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ ಎಂದು ಬಂದು ನಿಂತರೆ ಆಯಿಲ್ ವಾಲ್ವ್ ಗೈಡ್‌ಗಳ ಸಂದಿಯಿಂದ ಇಳಿದಿರಬಹುದು. ಭಾರ ಹೊತ್ತು ಏರು ಹತ್ತುವಾಗ ನಿರಂತರವಾಗಿ ಬಂದರೆ ರಿಂಗ್ ಮತ್ತು ಸಿಲಿಂಡರ್ ಕಡೆ ನೋಡಬೇಕು.

ಅನುಮಾನ ಬಗೆಹರಿಸುವ ಹತ್ತು ನಿಮಿಷದ ಪರೀಕ್ಷೆ

ಎಂಜಿನ್ ಇಳಿಸಲು ಒಪ್ಪುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರಿಗೆ ಗೇಜ್ ಇಟ್ಟು ಸೆಲ್ಫ್ ಹೊಡೆಯುತ್ತಾರೆ. ನಾಲ್ಕೂ ಅಂಕಿಗಳನ್ನು ಬರೆದುಕೊಳ್ಳಿ. ನಂತರ ಕಡಿಮೆ ಬಂದ ಸಿಲಿಂಡರಿನ ಪ್ಲಗ್ ರಂಧ್ರದಿಂದ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು.

ಅಂಕಿ ಚೆನ್ನಾಗಿ ಏರಿದರೆ, ರಿಂಗ್‌ಗಳ ಪಕ್ಕದ ಸಂದಿಯನ್ನು ಆಯಿಲ್ ತಾತ್ಕಾಲಿಕವಾಗಿ ಮುಚ್ಚಿತು ಎಂದರ್ಥ, ಸವೆತ ರಿಂಗ್ ಅಥವಾ ಸಿಲಿಂಡರಿನದು. ಏರದಿದ್ದರೆ ಗಾಳಿ ವಾಲ್ವ್‌ಗಳಲ್ಲಿ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಒಟ್ಟಿಗೆ ಕಡಿಮೆ ಬಂದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಮೂರಕ್ಕೂ ಖರ್ಚು ಬೇರೆ ಬೇರೆ. ಈ ಪರೀಕ್ಷೆ ಮಾಡದೆ 'ಪೂರ್ತಿ ಕೆಲಸ' ಎಂದು ಅಂದಾಜು ಬರೆದುಕೊಟ್ಟರೆ ನಾವಾದರೆ ಒಪ್ಪುತ್ತಿರಲಿಲ್ಲ.

ಗಮನಿಸಿ: ಒಂದೆರಡು ಚಮಚ ಆಯಿಲ್ ಸಂದಿ ಮುಚ್ಚಿ ಕೆಲವು ಕ್ಷಣ ಒತ್ತಡ ಏರಿಸಿತು. ವಿಡಿಯೋದ ಬಾಟಲಿ ಮಾಡುವ ಕೆಲಸವೂ ಬಹುಮಟ್ಟಿಗೆ ಇಂಥದ್ದೇ.

ಬಾಟಲಿಯೊಳಗೆ ಏನಿರುತ್ತದೆ, ಏಕೆ ಸಾಲದು?

ಇಂಥ ಹಲವು ದ್ರವಗಳು ಆಯಿಲ್ಲನ್ನು ಮಂದ ಮಾಡುತ್ತವೆ. ಮಂದವಾದ ಆಯಿಲ್ ಸವೆದ ಸಂದಿಯಿಂದ ನಿಧಾನವಾಗಿ ನುಸುಳುತ್ತದೆ, ಹಾಗಾಗಿ ಹೊಗೆ ಕೆಲವು ದಿನ ಕಡಿಮೆಯಾಗುತ್ತದೆ. ಕೆಲವದರಲ್ಲಿ ಮೆತ್ತನೆಯ ಲೋಹದ ಪುಡಿ ಇರುತ್ತದೆ, ಅದು ಸಣ್ಣ ಗೀರುಗಳಲ್ಲಿ ಕೂರಬಹುದು. ವಿಡಿಯೋ ಪೂರ್ತಿ ಸುಳ್ಳೇ ಆಗಿರಬೇಕಿಲ್ಲ, ಅದರಲ್ಲಿ ಒಂದು ತಿಂಗಳ ನಂತರದ ದೃಶ್ಯ ಇಲ್ಲ, ಅಷ್ಟೇ. ಗಾಡಿ ಮಾರುವವರಿಗೆ ಈ ಬಾಟಲಿ ಪ್ರಿಯವಾಗಿರುವುದಕ್ಕೂ ಅದೇ ಕಾರಣ. ಹಳೇ ಗಾಡಿ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಸಮಸ್ಯೆ ಗೀರಿನದ್ದಲ್ಲ, ಆಕಾರದ್ದು. ಪಿಸ್ಟನ್ ಮೇಲಿನ ತುದಿ ತಲುಪಿ ತಿರುಗುವ ಜಾಗದಲ್ಲಿ ಬೆಂಕಿಯ ಒತ್ತಡ ಅತಿ ಹೆಚ್ಚು, ಆಯಿಲ್ ಪದರ ಅತಿ ತೆಳು. ಸಿಲಿಂಡರ್ ಅಲ್ಲೇ ಹೆಚ್ಚು ಸವೆಯುತ್ತದೆ. ರಿಂಗ್ ಮುಟ್ಟದ ಮೇಲ್ಭಾಗ ಹಾಗೇ ಉಳಿದು ಅಲ್ಲೊಂದು ಅಂಚು ಏಳುತ್ತದೆ, ಬೆರಳಿನ ಉಗುರಿಗೂ ತಗಲುತ್ತದೆ. ದುಂಡಗಿರಬೇಕಾದ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮೇಲೆ ಅಗಲ, ಕೆಳಗೆ ಕಿರಿದು. ಸಿಲಿಂಡರಿನ ಅಗಲ ಬರೀ 0.25 ಮಿ.ಮೀ ಹೆಚ್ಚಿದರೆ, ರಿಂಗ್‌ನ ಎರಡು ತುದಿಗಳ ನಡುವಿನ ಬಿಡುವು ಸುಮಾರು 0.8 ಮಿ.ಮೀ ಹೆಚ್ಚುತ್ತದೆ. ವೃತ್ತದ ಸುತ್ತಳತೆಗೆ ಪೈ ಗುಣಿಸುವ ಶಾಲೆಯ ಲೆಕ್ಕವೇ ಇದು. ಉರಿದ ಅನಿಲ ಆ ಬಾಗಿಲಿನಿಂದ ಕೆಳಗೆ ನುಗ್ಗುತ್ತದೆ, ಆಯಿಲ್ ಮೇಲೆ ಬರುತ್ತದೆ. ಮೊಟ್ಟೆಯಾಕಾರವನ್ನು ದುಂಡಗೆ ಮಾಡುವ ದ್ರವ ಇಲ್ಲ.

ಅಮೆರಿಕದಲ್ಲಿ ಈ ವಿಷಯ ಸರ್ಕಾರದ ಮುಂದೆಯೂ ಬಂದಿತ್ತು. 'ಸ್ಲಿಕ್ 50' ಎಂಬ ಪ್ರಸಿದ್ಧ ಎಂಜಿನ್ ದ್ರವದ ಜಾಹೀರಾತುಗಳಲ್ಲಿನ ಹೇಳಿಕೆಗಳು ಸುಳ್ಳು ಮತ್ತು ಆಧಾರವಿಲ್ಲದವು ಎಂದು 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 1997ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಬಾಟಲಿಯ ತಮ್ಮಂದಿರೂ ಇದ್ದಾರೆ. 'ಹಳೇ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ, ಪ್ರೆಷರ್ ಏರುತ್ತೆ' ಅನ್ನುವುದು ಒಂದು. ಗೇಜಿನ ಮುಳ್ಳು ಏರುವುದು ನಿಜ. ಆದರೆ ಅತಿ ಮಂದ ಆಯಿಲ್ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬೇರಿಂಗ್‌ಗಳಿಗೆ ತಡವಾಗಿ ತಲುಪುತ್ತದೆ, ಸವೆತ ಹೆಚ್ಚುವುದೇ ಆ ಹೊತ್ತಿನಲ್ಲಿ. 'ಆಯಿಲ್ ಜೊತೆ ಸೀಮೆಎಣ್ಣೆ ಸುರಿದು ಎಂಜಿನ್ ತೊಳೆಯಿರಿ' ಅನ್ನುವುದು ಇನ್ನೊಂದು, ಇದು ಹೆಚ್ಚು ಅಪಾಯದ್ದು. ಸೀಮೆಎಣ್ಣೆ ಆಯಿಲ್ಲನ್ನು ತೆಳು ಮಾಡುತ್ತದೆ, ವರ್ಷಗಟ್ಟಲೆ ತಳದಲ್ಲಿ ಕೂತ ಕೆಸರು ಒಮ್ಮೆಗೇ ಎದ್ದು ಆಯಿಲ್ ಪಂಪಿನ ಜಾಲರಿ ಮುಚ್ಚಬಹುದು. ಆಮೇಲೆ ಎಂಜಿನ್ ಸೀಜ್.

'ರಿಂಗ್ ಮಾತ್ರ ಹಾಕಿಸಿ ಸಾಕು' ಎಂದರೆ?

ಇದು ಅರ್ಧ ಖರ್ಚಿನ ದಾರಿಯಾದ್ದರಿಂದ ಆಸೆ ಹುಟ್ಟಿಸುತ್ತದೆ. ಸವೆತ ಮಿತಿಯೊಳಗಿದ್ದರೆ ಹೊಸ ರಿಂಗ್ ನಿಜಕ್ಕೂ ಸಾಕು. ಮಿತಿ ದಾಟಿದ ಸಿಲಿಂಡರಿಗೆ ಹೊಸ ರಿಂಗ್ ಹಾಕಿದರೆ, ಮೇಲೆ ಅಗಲ ಕೆಳಗೆ ಕಿರಿದಾದ ಗೋಡೆಗೆ ತಕ್ಕಂತೆ ಅದು ಪ್ರತಿ ಸುತ್ತಿನಲ್ಲೂ ಹಿಗ್ಗಿ ಕುಗ್ಗಬೇಕು, 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2000 ಸಲ. ಮೇಲಿನ ಅಂಚನ್ನು ಕೆತ್ತಿ ತೆಗೆಯದೇ ಇದ್ದರೆ ಹೊಸ ರಿಂಗ್ ಅದಕ್ಕೆ ಬಡಿದು ಮುರಿಯಲೂಬಹುದು.

ಮಿತಿ ದಾಟಿದೆಯೇ ಎಂದು ಬೋರ್ ಗೇಜ್ ಹೇಳುತ್ತದೆ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೆ, ಅಡ್ಡಕ್ಕೆ ಅಳೆಯಬೇಕು. ಅಳೆಯುವಾಗ ಎದುರಿಗೆ ನಿಂತಿರಿ, ಅಂಕಿ ಬರೆಸಿಕೊಳ್ಳಿ. ಒಳ್ಳೆಯ ಲೇತ್ ಅಂಗಡಿಯವರು ಇದಕ್ಕೆ ಬೇಸರಪಡುವುದಿಲ್ಲ.

ರೀಬೋರ್ ಅಂದರೆ ಏನು ಮಾಡುತ್ತಾರೆ?

ಸವೆದ ಸಿಲಿಂಡರನ್ನು ಇನ್ನಷ್ಟು ಕೊರೆದು ಮತ್ತೆ ದುಂಡಗೆ, ಮೇಲಿಂದ ಕೆಳಗೆ ಒಂದೇ ಅಗಲಕ್ಕೆ ತರುತ್ತಾರೆ, ದೊಡ್ಡ ಪಿಸ್ಟನ್ ಹಾಕುತ್ತಾರೆ. ಲೆಕ್ಕ 'ಥೌ' ಎಂಬ ಅಳತೆಯಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಹೀಗೆ ಮೆಟ್ಟಿಲುಗಳಿವೆ. ನಲವತ್ತು ಥೌ ಎಂದರೆ ಸುಮಾರು ಒಂದು ಮಿಲಿಮೀಟರ್. ಅದೂ ಮುಗಿದ ಬ್ಲಾಕ್ ಆದರೆ ಬಿಸಾಡಬೇಕಿಲ್ಲ, ಸಿಲಿಂಡರಿಗೆ ಹೊಸ ಸ್ಲೀವ್ ಕೂರಿಸಿ ಮೂಲ ಅಳತೆಗೆ ಮರಳಬಹುದು. ಅಜ್ಜನ ಗಾಡಿಯನ್ನು ಗುಜರಿಗೆ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

'ರೀಬೋರ್ ಮಾಡಿಸಿದರೆ ಸಿಸಿ ಹೆಚ್ಚಾಗಿ ಗಾಡಿ ಓಡುತ್ತೆ' ಎಂದು ಹೇಳುವವರಿಗೆ ಲೆಕ್ಕ ಇಲ್ಲಿದೆ: ಹರಿಕೇನ್ ಎಂಜಿನ್ನನ್ನು ಪೂರ್ತಿ ನಲವತ್ತು ಥೌ ಕೊರೆದರೂ ಹೆಚ್ಚುವುದು ಸುಮಾರು 57 ಸಿಸಿ. ಗಾಡಿಗೆ ಹೊಸ ಉಸಿರು ಬರುವುದು ಸೋರಿಕೆ ನಿಂತದ್ದರಿಂದ, ಸಿಸಿಯಿಂದಲ್ಲ.

ಇಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಪಿಸ್ಟನ್ ಸೆಟ್ ಕೈಗೆ ಬರಬೇಕು, ಆ ಪಿಸ್ಟನ್ನುಗಳನ್ನೇ ಅಳೆದು ಅದಕ್ಕೆ ತಕ್ಕಂತೆ ಕೊರೆಯಬೇಕು. ಇಪ್ಪತ್ತು ಥೌಗೆ ಕೊರೆಸಿಟ್ಟು, ಮಾರುಕಟ್ಟೆಯಲ್ಲಿ ಮೂವತ್ತು ಥೌ ಪಿಸ್ಟನ್ ಮಾತ್ರ ಸಿಕ್ಕಿ ಮತ್ತೆ ಕೊರೆಸಿದರೆ ಒಂದು ಮೆಟ್ಟಿಲಿನ ಆಯುಷ್ಯ ಸುಮ್ಮನೆ ಹೋಯಿತು. ಹಳೆಯ ಎಂಜಿನ್‌ಗಳಿಗೆ ಬಿಡಿಭಾಗ ಹುಡುಕುವುದೇ ದೊಡ್ಡ ಕೆಲಸವಾದ್ದರಿಂದ ಈ ತಪ್ಪು ದುಬಾರಿ.

ಕೊರೆದ ಮೇಲೆ ಹೋನಿಂಗ್. ಸಿಲಿಂಡರ್ ಕನ್ನಡಿಯಂತೆ ಹೊಳೆಯಬೇಕು ಎಂದು ಹಲವರ ನಂಬಿಕೆ. ಅಲ್ಲ, ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳು ಬೇಕು. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ, ಹೊಸ ರಿಂಗ್ ಅಲ್ಲಿ ಉಜ್ಜಿಕೊಂಡು ಗೋಡೆಗೆ ಹೊಂದಿಕೊಳ್ಳುತ್ತದೆ. ಹೋನಿಂಗ್ ಆದ ಬ್ಲಾಕನ್ನು ಸೋಪು, ಬಿಸಿನೀರು, ಬ್ರಷ್ ಹಾಕಿ ತಿಕ್ಕಿ ತೊಳೆದು, ಕೂಡಲೇ ಒರೆಸಿ ಆಯಿಲ್ ಸವರಬೇಕು. ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಣೆಯ ಪುಡಿ ಗೀರುಗಳಲ್ಲೇ ಉಳಿದು ಹೊಸ ಎಂಜಿನ್ನನ್ನು ಉಜ್ಜುತ್ತಲೇ ಇರುತ್ತದೆ.

ಕ್ರ್ಯಾಂಕ್ ಕೂಡ ಹೀಗೆಯೇ, ಲೆಕ್ಕ ಮಾತ್ರ ತಿರುವು. ಅದನ್ನು ಸಣ್ಣದಾಗಿ ಸಾಣೆ ಹಿಡಿದು, ಅಷ್ಟೇ ದಪ್ಪ ಹೆಚ್ಚಿರುವ ಬೇರಿಂಗ್ ಶೆಲ್ ಹಾಕುತ್ತಾರೆ. ಸಿಲಿಂಡರ್ ಮಾತ್ರ ಸರಿಮಾಡಿಸಿ ಕ್ರ್ಯಾಂಕ್ ಅಳೆಯದೆ ಬಿಟ್ಟರೆ, ಬಲ ಹೆಚ್ಚಿದ ಎಂಜಿನ್ ಸವೆದ ಬೇರಿಂಗನ್ನು ಬೇಗ ಮುಗಿಸುತ್ತದೆ. ಬ್ಲಾಕಿನ ನೀರಿನ ದಾರಿಗಳನ್ನೂ ಸ್ವಚ್ಛ ಮಾಡಿಸಿ. ಹೊಳೆ, ಬಾವಿ ನೀರು ತುಂಬಿಸಿಕೊಂಡೇ ದಶಕಗಟ್ಟಲೆ ಓಡಿದ ಗಾಡಿಗಳಲ್ಲಿ ಅಲ್ಲಿ ತುಕ್ಕು, ಕೆಸರು ತುಂಬಿರುತ್ತದೆ.

ಟ್ಯಾಪೆಟ್ ಸದ್ದು ಬರಲೇಬಾರದಾ?

ಜೋಡಿಸಿದ ಮೇಲೆ 'ಟಿಕ್ ಟಿಕ್' ಸದ್ದು ಕೇಳಿದರೆ ಕೆಲಸ ಸರಿಯಾಗಿಲ್ಲ ಎಂದು ಮಾಲೀಕರು ಗಲಾಟೆ ಮಾಡುತ್ತಾರೆ. ಮೆಕ್ಯಾನಿಕ್ ಬೇಸತ್ತು ಟ್ಯಾಪೆಟ್ ಬಿಗಿ ಮಾಡಿಕೊಡುತ್ತಾರೆ. ಇದು ಒಳಗೊಳಗೇ ಎಂಜಿನ್ ಕೊಲ್ಲುವ ದಾರಿ. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ, ಅದಕ್ಕೆಂದೇ ಸ್ವಲ್ಪ ಬಿಡುವು ಇಡುತ್ತಾರೆ. ಬಿಡುವು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಹೊತ್ತಿನಲ್ಲಿ ತನ್ನ ಬಿಸಿಯನ್ನು ಸೀಟಿಗೆ ದಾಟಿಸಬೇಕಾದ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಈ ಎಂಜಿನ್ನಿನಲ್ಲಿ ಅದು ಬ್ಲಾಕಿನಲ್ಲಿರುವುದರಿಂದ ಮತ್ತೆ ಹೆಡ್ ಎತ್ತಬೇಕು. ಸಣ್ಣ, ಸಮನಾದ ಟಿಕ್ ಟಿಕ್ ಇರಲಿ ಬಿಡಿ.

'ಸಾವಿರ ಕಿ.ಮೀ 40ರ ಮೇಲೆ ಓಡಿಸಬೇಡಿ'

ಅತಿ ವೇಗ, ಅತಿ ಭಾರ ಬೇಡ ಎನ್ನುವುದು ಸರಿ. ಆದರೆ ಅತಿ ಮೆಲ್ಲಗೆ ಒಂದೇ ವೇಗದಲ್ಲಿ ಓಡಿಸುವುದೂ, ಗಂಟೆಗಟ್ಟಲೆ ನಿಲ್ಲಿಸಿ ಐಡಲ್ ಬಿಡುವುದೂ ತಪ್ಪು. ರಿಂಗ್ ಗೋಡೆಗೆ ಒತ್ತಿಕೊಳ್ಳುವುದು ಅದರ ಹಿಂದೆ ನುಗ್ಗುವ ಅನಿಲದ ಒತ್ತಡದಿಂದ. ಭಾರವೇ ಇಲ್ಲದಿದ್ದರೆ ಒತ್ತಡವಿಲ್ಲ, ರಿಂಗ್ ಹೊಂದಿಕೊಳ್ಳುವ ಮೊದಲೇ ಗೀರುಗಳ ಮೇಲೆ ಆಯಿಲ್ ಸುಟ್ಟು ಹೊಳಪಿನ ಪದರ ಕೂರುತ್ತದೆ. ಆಮೇಲೆ ಹೊಸ ಎಂಜಿನ್ನೂ ಆಯಿಲ್ ಕುಡಿಯುತ್ತದೆ! ವೇಗ ಏರಿಸುತ್ತಾ ಇಳಿಸುತ್ತಾ, ಸಾಧಾರಣ ಏರುಗಳಲ್ಲಿ ಓಡಿಸಿ. ಮೊದಲ ಆಯಿಲ್ಲನ್ನು ಕೆಲವು ನೂರು ಕಿ.ಮೀಗೇ ಬದಲಿಸಿ. ಹೊಸ ಭಾಗಗಳು ಉಜ್ಜಿಕೊಂಡ ಲೋಹದ ಪುಡಿ ಅದರಲ್ಲಿರುತ್ತದೆ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಹಳೆಯ ಕಾಲದ ರಬ್ಬರನ್ನು ಊದಿಸಿ, ಬಿರಿಯಿಸಿ ಹಾಳುಮಾಡಬಲ್ಲದು. ಎಂಜಿನ್ ಕೆಲಸದ ಜೊತೆಗೇ ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಂಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿಬಿಡಿ. ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ.

ಫಾರ್ವರ್ಡ್‌ಗಳು ಹೇಳದ ಅಪಾಯಗಳು

ಮನೆಯ ಶೆಡ್‌ನಲ್ಲೇ ಕೆಲಸ ಮಾಡುವವರು ಇದನ್ನು ದಯವಿಟ್ಟು ಓದಿ. ಬಾಗಿಲು ಹಾಕಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಮಳೆ ಎಷ್ಟೇ ಹೊಡೆಯುತ್ತಿರಲಿ. ಹಳೇ ಕಾರ್ಬೊರೇಟರ್ ಎಂಜಿನ್ನಿನ ಹೊಗೆಯಲ್ಲಿ ಶೇಕಡಾ ಕೆಲವು ಭಾಗ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬಂದ ಕೂಡಲೇ ಹೊರಗೆ ಬನ್ನಿ. ಕುಸಿದು ಬಿದ್ದವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ.

ಹಳೆಯ ಹೆಡ್ ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯುವುದು, ಏರ್ ಪೈಪಿನಿಂದ ಊದುವುದು ಬೇಡ, ಒದ್ದೆ ಮಾಡಿ ಒರೆಸಿ ತೆಗೆಯಿರಿ. ಆ ನಾರಿನ ಧೂಳು ತರುವ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ದಶಕಗಳ ನಂತರ ಕಾಣಿಸಿಕೊಳ್ಳುತ್ತವೆ. ಇಳಿಸಿದ ಕಪ್ಪು ಆಯಿಲ್ಲನ್ನು ದನದ ಗಾಯಕ್ಕೆ ಹಚ್ಚುವುದು, ಕೈಗೆ ಮೆತ್ತಿಕೊಂಡೇ ಊಟಕ್ಕೆ ಕೂರುವುದು ಕೂಡ ಬೇಡ. ಅದರಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ. ತೋಡಿಗೆ ಚೆಲ್ಲಿದರೆ ಕೆಳಗಿನ ಮನೆಯವರ ಬಾವಿಗೆ ಹೋಗುತ್ತದೆ.

ಎಂಜಿನ್ ಬಿಚ್ಚಿಸಿದರೆ ಆರ್‌ಸಿ ರದ್ದಾಗುತ್ತಾ?

ಇಲ್ಲ. ಎಂಜಿನ್ ನಂಬರ್ ಬ್ಲಾಕಿನ ಮೇಲೆ ಕೊರೆದಿರುತ್ತದೆ, ಹರಿಕೇನ್‌ನಲ್ಲಿ ಮುಂಭಾಗದಲ್ಲಿ, ವಾಟರ್ ಪಂಪಿನ ಬಳಿ. ಅದೇ ಬ್ಲಾಕನ್ನು ರೀಬೋರ್ ಮಾಡಿಸಿದರೆ, ಸ್ಲೀವ್ ಹಾಕಿಸಿದರೆ ನಂಬರ್ ಬದಲಾಗುವುದಿಲ್ಲ. ಬೇರೆ ಎಂಜಿನ್ ಕೂರಿಸುವುದಾದರೆ ಮಾತ್ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. '15 ವರ್ಷ ದಾಟಿದ ಗಾಡಿ ಓಡಿಸುವಂತೆಯೇ ಇಲ್ಲ' ಎಂಬ ಸಂದೇಶ ದೆಹಲಿ ಸುತ್ತಮುತ್ತಲಿನ ನಿರ್ಬಂಧವನ್ನು ಇಡೀ ದೇಶಕ್ಕೆ ಹಚ್ಚಿದ್ದು. ಕರ್ನಾಟಕದಲ್ಲಿ ಸ್ವಂತ ಬಳಕೆಯ ವಾಹನವನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಸರಕು ವಾಹನ ಎಂದು ನೋಂದಣಿಯಾಗಿರುವ ಪಿಕಪ್‌ಗೆ ಎಫ್‌ಸಿ ನಿಯಮಗಳು ಬೇರೆ, ನಿಮ್ಮ ಆರ್‌ಸಿಯಲ್ಲಿ ಏನೆಂದು ಬರೆದಿದೆ ನೋಡಿಕೊಳ್ಳಿ.

ಮೂಡಿಗೆರೆಯ ಓದುಗರಿಗೆ ನಾವು ಬರೆದದ್ದು ಇಷ್ಟು: ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ನಾಲ್ಕು ಅಂಕಿ ಬರೆಸಿಕೊಳ್ಳಿ. ಇಳಿಸುವುದೇ ಆದರೆ ನಂಬರ್ ಇರುವ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಹಳೆಯ ಪಿಸ್ಟನ್, ರಿಂಗ್, ಬೇರಿಂಗ್‌ಗಳನ್ನು ಒಂದು ಚೀಲದಲ್ಲಿ ಹಾಕಿ ವಾಪಸ್ ಕೊಡಲು ಈಗಲೇ ಹೇಳಿಡಿ. ಪಿಸ್ಟನ್ನಿನ ತಲೆಯ ಮೇಲೆ ಸಾಮಾನ್ಯವಾಗಿ ಓವರ್‌ಸೈಜ್ ಅಂಕಿ ಒತ್ತಿರುತ್ತಾರೆ. ಅಜ್ಜನ ಕಾಲದಲ್ಲಿ ಈ ಎಂಜಿನ್ ಎಷ್ಟು ಮೆಟ್ಟಿಲು ಹತ್ತಿತ್ತು ಎಂದು ಅಲ್ಲಿ ಓದಬಹುದು.